ದೊಡ್ಡ ತೋಪಿನ ಬಡತನ

1880ರಲ್ಲಿ ಇಟಲಿಯ ನೌಕಾಪಡೆಗೆ ಸೇರಿದ 'ಡುಯಿಲಿಯೊ' ಎಂಬ ಯುದ್ಧನೌಕೆಯ ಮೇಲೆ ನಾಲ್ಕು ತೋಪುಗಳಿದ್ದವು. ಒಂದೊಂದರ ತೂಕ 100 ಟನ್, ನಳಿಗೆಯ ಒಳಗಲ 45 ಸೆಂಟಿಮೀಟರ್. 1941ರ ಡಿಸೆಂಬರ್ 16ರಂದು ಜಪಾನಿನ 'ಯಮಾಟೊ' ಸೇವೆಗೆ ಸೇರಿತು. ಅದರ ಒಂಬತ್ತು ತೋಪುಗಳ ಒಳಗಲ 46 ಸೆಂಟಿಮೀಟರ್. ಯುದ್ಧನೌಕೆಯ ಮೇಲೇರಿ ಕಡಲಿಗಿಳಿದ ತೋಪುಗಳಲ್ಲಿ ಇದಕ್ಕಿಂತ ದೊಡ್ಡದು ಹಿಂದೆ ಇರಲಿಲ್ಲ, ಆಮೇಲೂ ಬರಲಿಲ್ಲ. ಉಕ್ಕು, ಉಗಿ, ವಿದ್ಯುತ್ತು, ರಸಾಯನ ಎಲ್ಲವೂ ಬುಡಮೇಲಾದ ಆ ಆರು ದಶಕಗಳಲ್ಲಿ ತೋಪಿನ ಬಾಯಿ ಹಿಗ್ಗಿದ್ದು ಒಂದೇ ಸೆಂಟಿಮೀಟರ್.

ದೊಡ್ಡ ತೋಪುಗಳ ಚರಿತ್ರೆಯನ್ನು ಸಾಮಾನ್ಯವಾಗಿ ಏರುಗತಿಯ ಕಥೆಯಾಗಿಯೇ ಹೇಳುತ್ತಾರೆ. ತೋಪು ಬೆಳೆಯುತ್ತ ಹೋಯಿತು, ಕೊನೆಗೆ ವಿಮಾನ ಬಂದು ಅದನ್ನು ಮುಗಿಸಿತು, ಅಲ್ಲಿಯವರೆಗೂ ಬುದ್ಧಿ ಬಾರದ ಅಡ್ಮಿರಲ್‌ಗಳು ದುಡ್ಡು ಸುರಿಯುತ್ತಲೇ ಇದ್ದರು ಎಂದು. ಕೇಳಲು ಚೆನ್ನಾಗಿದೆ, ನಡೆದದ್ದಕ್ಕೆ ಹೊಂದುವುದಿಲ್ಲ. ತೋಪಿನ ಬಾಯಿ ಏರಿತು, ಇಳಿಯಿತು, ಮತ್ತೆ ಏರಿತು. ವಿಮಾನ ಹುಟ್ಟುವ ಮೊದಲೇ ಅದು ಒಂದು ಸಲ ಸೋತು ಕೆಳಗಿಳಿದಿತ್ತು. ಅಡ್ಮಿರಲ್‌ಗಳೂ ದಡ್ಡರಲ್ಲ, ಪ್ರತಿ ಹೆಜ್ಜೆಯ ಹಿಂದೆಯೂ ತಲೆದೂಗಬಹುದಾದ ಲೆಕ್ಕಾಚಾರವಿತ್ತು. ಅವರು ಎಡವಿದ್ದು ಬೇರೆ ಕಡೆ. ಬಾಯಿ ಅಗಲವಾದಷ್ಟೂ ಆ ತೋಪನ್ನು ಹಾರಿಸುವ ಸಂದರ್ಭಗಳು ಕಡಿಮೆಯಾಗುತ್ತ ಬಂದವು. ನಳಿಗೆಯ ಸವೆತ, ಗುಂಡಿನ ಖರ್ಚು, ಹೊತ್ತ ಹಡಗಿನ ಬೆಲೆ, ಅದನ್ನು ಕಳೆದುಕೊಳ್ಳುವ ಭಯ ಎಲ್ಲ ಸೇರಿ ಒಡೆಯನ ಕೈಯನ್ನೇ ಕಟ್ಟಿದವು. ದಾಖಲೆ ಮುರಿದ ತೋಪುಗಳು ಬಹುಮಟ್ಟಿಗೆ ಸುಮ್ಮನೆ ಕೂತವು. ದುಡಿದದ್ದು ಅವುಗಳಿಗಿಂತ ಒಂದೆರಡು ಮೆಟ್ಟಿಲು ಕೆಳಗಿದ್ದವು.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಬೇಕು. ಬಾಯಿಯ ಅಗಲವೇ ಶಕ್ತಿಯ ಅಳತೆಯಲ್ಲ. ಹಾಗಿದ್ದರೆ ವಿಜಯಪುರದ ಬುರುಜಿನ ಮೇಲೆ ಮಲಗಿರುವ ಮಲಿಕ್-ಎ-ಮೈದಾನ್ ಯಮಾಟೊವನ್ನು ಸಲೀಸಾಗಿ ಸೋಲಿಸುತ್ತಿತ್ತು. 16ನೆಯ ಶತಮಾನದಲ್ಲಿ ಎರಕ ಹೊಯ್ದ ಆ ತೋಪಿನ ಒಳಗಲ ಸುಮಾರು 70 ಸೆಂಟಿಮೀಟರ್. ಗುಂಡಿನ ಪೆಟ್ಟು ಅದರ ತೂಕದ ಮೇಲೆ ನಿಂತಿದೆ, ಅದಕ್ಕಿಂತ ಹೆಚ್ಚಾಗಿ ವೇಗದ ಮೇಲೆ. ಡುಯಿಲಿಯೊದ ಗುಂಡು ಸುಮಾರು 900 ಕಿಲೋ, ನಳಿಗೆಯಿಂದ ಹೊರಡುವಾಗ ಅದರ ವೇಗ ಸೆಕೆಂಡಿಗೆ ಸುಮಾರು 470 ಮೀಟರ್. ಯಮಾಟೊದ್ದು 1,460 ಕಿಲೋ, 780 ಮೀಟರ್. ಬಾಯಿ ಒಂದು ಸೆಂಟಿಮೀಟರ್ ಹಿಗ್ಗಿದಾಗ ಪೆಟ್ಟಿನ ಬಲ ನಾಲ್ಕು ಪಟ್ಟಿಗೂ ಮೀರಿ ಬೆಳೆದಿತ್ತು. ಹೀಗಿದ್ದರೂ ಜನರ ಬಾಯಲ್ಲಿ, ಪತ್ರಿಕೆಗಳಲ್ಲಿ, ಕೊನೆಗೆ ಅಂತಾರಾಷ್ಟ್ರೀಯ ಒಪ್ಪಂದಗಳಲ್ಲೂ ಉಳಿದದ್ದು ಇಂಚು ಮತ್ತು ಸೆಂಟಿಮೀಟರು. ಎಣಿಸಲು ಸುಲಭವಾದದ್ದು ಮುಖ್ಯವಾದದ್ದರ ಜಾಗದಲ್ಲಿ ಬಂದು ಕೂತಿತು.

ಡುಯಿಲಿಯೊದ ತೋಪು ಹುಟ್ಟಿದ ಬಗೆಯನ್ನು ನೋಡಿ. ಆಗ ಹಡಗುಗಳಿಗೆ ಕಬ್ಬಿಣದ ಕವಚ ಬಂದು ಹೆಚ್ಚು ಕಾಲವಾಗಿರಲಿಲ್ಲ. ಇವತ್ತು ಒಬ್ಬರು ಕವಚ ದಪ್ಪ ಮಾಡಿದರೆ ನಾಳೆ ಇನ್ನೊಬ್ಬರು ತೋಪು ದಪ್ಪ ಮಾಡುತ್ತಿದ್ದರು. ಇಟಲಿಯ ನೌಕಾ ವಿನ್ಯಾಸಕ ಬೆನೆಡೆಟ್ಟೊ ಬ್ರಿನ್ ಮೊದಲು ಯೋಚಿಸಿದ್ದು 35 ಟನ್ ತೋಪನ್ನು. ಅದು 60 ಟನ್ನಿಗೆ ಏರಿತು. ಬ್ರಿಟನ್ನಿನ 'ಇನ್‌ಫ್ಲೆಕ್ಸಿಬಲ್' ನೌಕೆಗೆ 80 ಟನ್ ತೋಪು ಬರುತ್ತದೆಂಬ ಸುದ್ದಿ ಬಂದದ್ದೇ 100 ಟನ್ ಎಂದಾಯಿತು. ಮಾಡಿಕೊಟ್ಟವರು ಯಾರು? ಬ್ರಿಟನ್ನಿನ ನ್ಯೂಕ್ಯಾಸಲ್ ಬಳಿಯ ಎಲ್ಸ್‌ವಿಕ್‌ನ ಆರ್ಮ್‌ಸ್ಟ್ರಾಂಗ್ ಕಂಪನಿ. ಟೈನ್ ನದಿಯಲ್ಲಿ ದೊಡ್ಡ ಹಡಗುಗಳು ಕಾರ್ಖಾನೆಯವರೆಗೂ ಬರಲೆಂದು ಅಲ್ಲಿನ ಹಳೆಯ ಸೇತುವೆ ಕೆಡವಿ ತಿರುಗುವ ಸೇತುವೆ ಕಟ್ಟಿದ್ದರು. 1876ರಲ್ಲಿ ಅದು ಬಾಯ್ದೆರೆದು ಮೊದಲು ದಾರಿ ಬಿಟ್ಟದ್ದು ಇಟಲಿಯ 'ಯುರೋಪಾ' ಎಂಬ ಹಡಗಿಗೆ. ಅದು ಬಂದದ್ದು 100 ಟನ್ ತೋಪನ್ನು ಒಯ್ಯಲಿಕ್ಕೆ. ಇನ್ನೊಂದು ಕಡೆ ಲಂಡನ್ನಿನಲ್ಲಿ ಕಳವಳ ಶುರುವಾಯಿತು. ಇಂಥ ತೋಪುಗಳ ಹಡಗು ಮಾಲ್ಟಾದ ಮುಂದೆ ಬಂದು ನಿಂತರೆ ಗತಿಯೇನು? ಬ್ರಿಟಿಷ್ ಸರ್ಕಾರ ಅದೇ ಆರ್ಮ್‌ಸ್ಟ್ರಾಂಗ್ ಕಂಪನಿಯ ಬಾಗಿಲಿಗೆ ಹೋಗಿ ಅಂಥದೇ ನಾಲ್ಕು ತೋಪು ಕೊಂಡುಕೊಂಡಿತು. ಎರಡು ಮಾಲ್ಟಾಕ್ಕೆ, ಎರಡು ಜಿಬ್ರಾಲ್ಟರ್‌ಗೆ. ರೋಗವನ್ನೂ ಮದ್ದನ್ನೂ ಒಂದೇ ಅಂಗಡಿ ಮಾರಿತು. ವ್ಯಾಪಾರವೆಂದರೆ ಅದು.

ಮಾಲ್ಟಾದ ರಿನೆಲ್ಲಾ ಕೋಟೆಯಲ್ಲಿ ಒಂದು, ಜಿಬ್ರಾಲ್ಟರ್‌ನಲ್ಲಿ ಇನ್ನೊಂದು ಇವತ್ತಿಗೂ ಉಳಿದಿವೆ. ಜಿಬ್ರಾಲ್ಟರ್‌ನ ಬ್ಯಾಟರಿಗೆ ಭಾರತದಲ್ಲಿ ದಂಡನಾಯಕನಾಗಿದ್ದು ಆಮೇಲೆ ಅಲ್ಲಿ ಗವರ್ನರ್ ಆದ ಲಾರ್ಡ್ ನೇಪಿಯರನ ಹೆಸರಿಟ್ಟಿದ್ದಾರೆ. ಇವು ಬಾಯಿಯಿಂದಲೇ ಮದ್ದು ತುಂಬುವ ತೋಪುಗಳು. 900 ಕಿಲೋ ಗುಂಡನ್ನು ಮನುಷ್ಯರು ಎತ್ತಿ ತುರುಕುವುದು ಆಗದ ಮಾತು. ಆದ್ದರಿಂದ ಕೋಟೆಯ ಹೊಟ್ಟೆಯಲ್ಲಿ ಉಗಿಯಂತ್ರ. ಅದರ ಬಲದಿಂದ ನೀರಿನ ಒತ್ತಡ. ಆ ಒತ್ತಡದಿಂದ ತೋಪು ತಿರುಗಬೇಕು, ಬಾಯಿ ಕೆಳಗೆ ಬಾಗಬೇಕು, ಕಲ್ಲುಗೋಡೆಯ ಕಿಂಡಿಯೊಳಗಿನಿಂದ ಉದ್ದನೆಯ ದೂಡುಗೋಲು ಬಂದು ಮೊದಲು ಮದ್ದನ್ನು, ಆಮೇಲೆ ಗುಂಡನ್ನು ನಳಿಗೆಯ ತಳಕ್ಕೆ ದಬ್ಬಬೇಕು. ಇಷ್ಟೆಲ್ಲ ಮುಗಿಸಿ ಆರು ನಿಮಿಷಕ್ಕೊಂದು ಗುಂಡು ಹಾರಿಸಿದರೆ ದೊಡ್ಡ ಸಾಧನೆ. ಅಭ್ಯಾಸಕ್ಕೆಂದು ಹಾರಿಸಲೂ ಕೈ ಹಿಂದೆ ಬರುತ್ತಿತ್ತು, ಅಷ್ಟು ಖರ್ಚು. ಈ ನಾಲ್ಕರಲ್ಲಿ ಒಂದೂ ಶತ್ರುವಿನ ಮೇಲೆ ಗುಂಡು ಹಾರಿಸಲಿಲ್ಲ. ಇವು ಇದ್ದವೆಂದೇ ಯಾರೂ ಮಾಲ್ಟಾದ ಹತ್ತಿರ ಸುಳಿಯಲಿಲ್ಲ ಎಂದು ವಾದಿಸಬಹುದು. ಆದರೆ ಬ್ರಿಟನ್-ಇಟಲಿ ನಡುವೆ ಆ ಕಾಲದಲ್ಲಿ ಯುದ್ಧದ ಪ್ರಸಂಗವೇ ಬರಲಿಲ್ಲ. ಬಾರದ ಕಳ್ಳನನ್ನು ಓಡಿಸಿದ ಪುಣ್ಯವನ್ನು ತೋಪಿನ ಖಾತೆಗೆ ಬರೆಯುವುದು ಅತಿಯಾಯಿತು.

ಅಷ್ಟರಲ್ಲಿ ಡುಯಿಲಿಯೊದ ಒಂದು ತೋಪು 1880ರ ಮಾರ್ಚಿನಲ್ಲಿ ಪರೀಕ್ಷೆಯ ವೇಳೆ ಸಿಡಿದು ಒಡೆಯಿತು. ಹಿಂಬದಿಯಿಂದ ಮದ್ದು ತುಂಬುವ ಮುಂದಿನ ಪೀಳಿಗೆಯೂ ಹೆಚ್ಚು ಸುಖಪಡಲಿಲ್ಲ. ಬ್ರಿಟನ್ನಿನ 'ಬೆನ್‌ಬೋ', 'ವಿಕ್ಟೋರಿಯಾ' ನೌಕೆಗಳಿಗೆ ಅದೇ ಎಲ್ಸ್‌ವಿಕ್ 16.25 ಇಂಚಿನ, 110 ಟನ್ ತೂಕದ ತೋಪು ಮಾಡಿಕೊಟ್ಟಿತು. ಹಡಗು ತಯಾರಾಗಿ ತೋಪಿಗಾಗಿ ಕಾಯಿತು. ಬಂದ ತೋಪಿನ ನಳಿಗೆ ತನ್ನ ಭಾರಕ್ಕೆ ತಾನೇ ಬಾಗುತ್ತಿತ್ತು. ಪೂರ್ತಿ ಮದ್ದು ತುಂಬಿ ಹಾರಿಸಿದರೆ ಸುಮಾರು 75 ಗುಂಡಿಗೆ ಅದರ ಆಯುಸ್ಸು ತೀರುತ್ತಿತ್ತು. 75 ಗುಂಡಿನ ಆಯುಸ್ಸಿನಲ್ಲಿ ಸಿಬ್ಬಂದಿಗೆ ಅಭ್ಯಾಸ ಎಷ್ಟು, ಯುದ್ಧಕ್ಕೆ ಉಳಿಸುವುದೆಷ್ಟು? 

ಇಲ್ಲಿ ತೋಪನ್ನು ಸೋಲಿಸಿದ್ದು ರಸಾಯನಶಾಸ್ತ್ರ. ಹಳೆಯ ಕರಿಮದ್ದು ಒಮ್ಮೆಗೇ ಭಗ್ಗನೆ ಉರಿಯುತ್ತಿತ್ತು. ಒತ್ತಡ ಬುಡದಲ್ಲೇ ಮುಗಿದುಹೋಗುವುದರಿಂದ ನಳಿಗೆ ಗಿಡ್ಡವಾಗಿ, ದಪ್ಪವಾಗಿ ಇರಬೇಕಿತ್ತು. ಮೊದಲು ನಿಧಾನವಾಗಿ ಉರಿಯುವ ಕಂದುಮದ್ದು, ಆಮೇಲೆ ಹೊಗೆ ಕಡಿಮೆಯಿರುವ ಕಾರ್ಡೈಟ್ ಬಂದವು. ಇವು ನಳಿಗೆಯ ಉದ್ದಕ್ಕೂ ಗುಂಡನ್ನು ದಬ್ಬುತ್ತಲೇ ಇರುತ್ತವೆ. ಹಾಗಾಗಿ ನಳಿಗೆಯನ್ನು ಉದ್ದ ಮಾಡಿ ಬಾಯಿ ಚಿಕ್ಕದು ಮಾಡಿದರೂ ಪೆಟ್ಟು ಕುಂದುವುದಿಲ್ಲ. 1895ರಲ್ಲಿ ಬಂದ 'ಮೆಜೆಸ್ಟಿಕ್' ನೌಕೆಯ ತೋಪು 12 ಇಂಚಿನದು, ತೂಕ 46 ಟನ್. 110 ಟನ್ನಿನ ತೋಪು ಮಾಡಬೇಕಾದ ಕೆಲಸವನ್ನು ಅದು ಬೇಗ ಬೇಗ, ಹೆಚ್ಚು ಸಲ ಮಾಡಬಲ್ಲದಾಗಿತ್ತು. ಹದಿನೈದು ವರ್ಷದ ಓಟ ಅಲ್ಲಿಗೆ ನಿಂತಿತು. 1906ರ 'ಡ್ರೆಡ್‌ನಾಟ್' ಕೂಡ 12 ಇಂಚಿನ ತೋಪುಗಳನ್ನೇ ಹೊತ್ತಿತ್ತು; ಅದರ ಕ್ರಾಂತಿ ಇದ್ದದ್ದು ಬಾಯಿಯ ಅಗಲದಲ್ಲಲ್ಲ, ಒಂದೇ ಅಳತೆಯ ಹತ್ತು ತೋಪುಗಳನ್ನು ಒಂದೇ ಹಡಗಿನಲ್ಲಿ ಕೂರಿಸಿದ್ದರಲ್ಲಿ.

ಎರಡನೆಯ ಏರಿಕೆ ಬೇಗ ಶುರುವಾಯಿತು. 12 ಆಯಿತು, 13.5 ಆಯಿತು, 1912ರಲ್ಲಿ ಚರ್ಚಿಲ್ ನೌಕಾಖಾತೆಯ ಮಂತ್ರಿಯಾಗಿದ್ದಾಗ 'ಕ್ವೀನ್ ಎಲಿಜಬೆತ್' ವರ್ಗದ ಹಡಗುಗಳಿಗೆ 15 ಇಂಚಿನ ತೋಪನ್ನು, ಒಂದನ್ನೂ ಹಾರಿಸಿ ನೋಡುವ ಮೊದಲೇ, ಗೊತ್ತುಮಾಡಿಬಿಟ್ಟರು. ಜೂಜು ಗೆದ್ದಿತು. ಈ ತೋಪಿಗೆ ಮತ್ತೆ ಬರುತ್ತೇನೆ. ನನ್ನ ವಾದದ ನಿಜವಾದ ನಾಯಕ ಅದೇ.

ಗೆದ್ದ ಜೂಜುಗಾರ ಏಳುವುದಿಲ್ಲ. ಬ್ರಿಟನ್ನಿನ ಅಡ್ಮಿರಲ್ ಫಿಶರ್ 18 ಇಂಚು ಬೇಕೆಂದ, ಅದಾದ ಮೇಲೆ 20 ಇಂಚಿನ ಕನಸನ್ನೂ ಕಂಡ. ಬಾಲ್ಟಿಕ್ ಸಮುದ್ರದ ಆಳವಿಲ್ಲದ ನೀರಿಗೆ ನುಗ್ಗಿ ಜರ್ಮನಿಯ ಕರಾವಳಿಯನ್ನು ಬಡಿಯುವ ಯೋಜನೆಗಾಗಿ ಅವನು ಕಟ್ಟಿಸಿದ ಮೂರು ವಿಚಿತ್ರ ಹಡಗುಗಳಲ್ಲಿ 'ಫ್ಯೂರಿಯಸ್' ಒಂದು. ವೇಗಕ್ಕೆಂದು ಮೈ ತೆಳ್ಳಗೆ, ಹಿಂದೊಂದು ಮುಂದೊಂದು 18 ಇಂಚಿನ ತೋಪು ಎಂಬ ಲೆಕ್ಕ. ಕಟ್ಟಿ ಮುಗಿಯುವ ಮೊದಲೇ, 1917ರ ಮಾರ್ಚಿನಲ್ಲಿ, ಮುಂದಿನ ತೋಪು ಬೇಡ, ಅಲ್ಲಿ ವಿಮಾನ ಹಾರಿಸುವ ಹಲಗೆ ಹಾಕಿ ಎಂದು ಅಪ್ಪಣೆಯಾಯಿತು. ಹೀಗೆ ಆ ಬೇಸಿಗೆಯಲ್ಲಿ ಹೊರಬಂದ ಹಡಗಿನ ಮುಂಭಾಗ ವಿಮಾನವಾಹಕ, ಹಿಂಭಾಗ ಆಗಿನ ಹಡಗುಗಳ ತೋಪುಗಳಲ್ಲೇ ದೊಡ್ಡದು. ಆ ತೋಪು ಹಾರಿದಾಗ ಹಡಗಿನ ತೆಳುಮೈ ತತ್ತರಿಸಿ ಒಳಕೋಣೆಗಳಲ್ಲಿ ರಿವೆಟ್ಟಿನ ತಲೆಗಳು ಉದುರುತ್ತಿದ್ದವಂತೆ. ಆಗಸ್ಟ್ 2ರಂದು ಡನ್ನಿಂಗ್ ಎಂಬ ವೈಮಾನಿಕ ಅದರ ಮುಂದಿನ ಹಲಗೆಯ ಮೇಲೆ ತನ್ನ ಪುಟ್ಟ ವಿಮಾನವನ್ನು ಇಳಿಸಿದ. ಚಲಿಸುವ ಹಡಗಿನ ಮೇಲೆ ವಿಮಾನ ಇಳಿದದ್ದು ಅದೇ ಮೊದಲು. ಐದು ದಿನಗಳ ನಂತರ ಮತ್ತೆ ಇಳಿಸಲು ಹೋಗಿ ಕಡಲಿಗೆ ಬಿದ್ದು ಸತ್ತ. ವರ್ಷ ತಿರುಗುವುದರೊಳಗೆ ಹಿಂದಿನ ತೋಪನ್ನೂ ಕಿತ್ತು ಅಲ್ಲಿ ಇಳಿಯುವ ಹಲಗೆ ಹಾಕಿದರು. 1918ರ ಜುಲೈನಲ್ಲಿ ಫ್ಯೂರಿಯಸ್‌ನಿಂದ ಹಾರಿದ ಏಳು ವಿಮಾನಗಳು ಟಾಂಡರ್ನ್‌ನಲ್ಲಿ ಎರಡು ಜರ್ಮನ್ ಜೆಪೆಲಿನ್‌ಗಳನ್ನು ಸುಟ್ಟುಹಾಕಿದವು.

ಕಿತ್ತ ತೋಪು ಏನಾಯಿತು ಎಂಬುದು ನನಗೆ ಹೆಚ್ಚು ಕುತೂಹಲದ ವಿಷಯ. ಇದ್ದ 18 ಇಂಚಿನ ತೋಪುಗಳಲ್ಲಿ ಎರಡನ್ನು 'ಲಾರ್ಡ್ ಕ್ಲೈವ್', 'ಜನರಲ್ ವುಲ್ಫ್' ಎಂಬ ಎರಡು ನಿಧಾನಗತಿಯ, ಕುರೂಪಿ ಮಾನಿಟರ್ ಹಡಗುಗಳ ಬೆನ್ನಿಗೆ ಏರಿಸಿದರು. ತಿರುಗುವ ಟರೆಟ್ ಇಲ್ಲ. ತೋಪು ಸದಾ ಬಲಪಕ್ಕಕ್ಕೇ ಮುಖಮಾಡಿರುತ್ತಿತ್ತು, ಗುರಿ ಹಿಡಿಯಬೇಕೆಂದರೆ ಹಡಗನ್ನೇ ತಿರುಗಿಸಬೇಕು. 1918ರ ಸೆಪ್ಟೆಂಬರ್ 28ರಂದು ಜನರಲ್ ವುಲ್ಫ್ ಬೆಲ್ಜಿಯಂನ ಸ್ನೇಸ್ಕರ್ಕೆ ಎಂಬಲ್ಲಿನ ರೈಲು ಸೇತುವೆಯ ಮೇಲೆ 33 ಕಿಲೋಮೀಟರ್ ದೂರದಿಂದ ಗುಂಡು ಹಾರಿಸಿತು. ಬ್ರಿಟಿಷ್ ನೌಕಾಪಡೆ ಯುದ್ಧದಲ್ಲಿ ಅಷ್ಟು ದೂರಕ್ಕೆ ತೋಪು ಹಾರಿಸಿದ್ದು ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಅಗ್ಗದ ಹಡಗಿನ ಮೇಲೆ ಕೂತಾಗ ಮಾತ್ರ 18 ಇಂಚಿನ ತೋಪಿಗೆ ಕೆಲಸ ಸಿಕ್ಕಿತು, ಏಕೆಂದರೆ ಜನರಲ್ ವುಲ್ಫ್ ಮುಳುಗಿದರೆ ಸಾಮ್ರಾಜ್ಯವೇನೂ ಅಲ್ಲಾಡುತ್ತಿರಲಿಲ್ಲ. ಹಾಗಿದ್ದರೂ ಯುದ್ಧ ಮುಗಿಯುವವರೆಗೆ ಈ ಎರಡೂ ಸೇರಿ ಹಾರಿಸಿದ ಗುಂಡು ನೂರಕ್ಕಿಂತ ಕಡಿಮೆ.

1922ರ ವಾಷಿಂಗ್ಟನ್ ಒಪ್ಪಂದ ಹಡಗಿನ ತೋಪಿಗೆ 16 ಇಂಚಿನ ಮಿತಿ ಹಾಕಿತು. ಬ್ರಿಟನ್ನಿನದೂ ಜಪಾನಿನದೂ 18 ಇಂಚಿನ ಯೋಜನೆಗಳು ಕಾಗದದಲ್ಲೇ ಉಳಿದವು. 1936ರಲ್ಲಿ ಜಪಾನ್ ಲಂಡನ್ನಿನ ಮಾತುಕತೆಯಿಂದ ಎದ್ದು ಹೊರಬಂತು. 1937ರ ನವೆಂಬರ್‌ನಲ್ಲಿ ಕುರೆ ನೌಕಾಂಗಣದಲ್ಲಿ ಯಮಾಟೊಗೆ ಅಡಿಪಾಯ ಬಿತ್ತು.

ಇದನ್ನು ಹುಚ್ಚೆಂದು ತಳ್ಳಿಹಾಕುವವರು ಅದರ ಹಿಂದಿನ ಲೆಕ್ಕ ನೋಡಬೇಕು. ಅಮೆರಿಕದ ಉಕ್ಕಿನ ಕಾರ್ಖಾನೆಗಳ ಜೊತೆ ಹಡಗಿನ ಸಂಖ್ಯೆಯಲ್ಲಿ ಸ್ಪರ್ಧಿಸುವುದು ಜಪಾನಿಗೆ ಸಾಧ್ಯವಿರಲಿಲ್ಲ. ಇನ್ನು ಅಮೆರಿಕದ ಹಡಗುಗಳು ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ಗೆ ಪನಾಮಾ ಕಾಲುವೆಯಲ್ಲಿ ಹಾಯಬೇಕಿತ್ತು, ಆ ಕಾಲುವೆಯ ಕಟ್ಟೆಬಾಗಿಲ ಅಗಲ ಆಗ 33.5 ಮೀಟರ್. 18 ಇಂಚಿನ ತೋಪುಗಳನ್ನು ಸರಿಯಾಗಿ ಹೊರುವ ಹಡಗು ಅದಕ್ಕಿಂತ ಅಗಲವಾಗಲೇಬೇಕು. ಯಮಾಟೊದ ಅಗಲ ಸುಮಾರು 39 ಮೀಟರ್. ಜಪಾನ್ ಯೋಚಿಸಿದ್ದು ಹೀಗೆ: ಕಾಲುವೆಯ ಇಕ್ಕಟ್ಟೇ ಅಮೆರಿಕವನ್ನು 16 ಇಂಚಿಗೆ ಕಟ್ಟಿಹಾಕಿದೆ, ನಮ್ಮನ್ನಲ್ಲ. ಎದುರಾಳಿಯ ಗುಂಡು ನಮ್ಮನ್ನು ಮುಟ್ಟದ ದೂರದಿಂದ ನಾವು ಮೊದಲು ಹೊಡೆಯಬಹುದು. ಆ ಕಾಲದ ನೌಕಾ ವಿಮಾನಗಳನ್ನೂ ನೆನಪಿಡಬೇಕು: ಬ್ರಿಟಿಷರ 'ಸ್ವೋರ್ಡ್‌ಫಿಶ್' 1936ರಲ್ಲಿ ಸೇವೆಗೆ ಬಂದದ್ದು ಬಟ್ಟೆ ಹೊದಿಸಿದ ಎರಡು ಜೊತೆ ರೆಕ್ಕೆಯ ವಿಮಾನವಾಗಿ. ಜಪಾನಿನ ಅಡ್ಮಿರಲ್ ಯಮಮೊಟೊ ಇಸೊರೊಕುವಿನಂಥವರು ಆಗಲೇ ಈ ಹಡಗನ್ನು ವಿರೋಧಿಸಿದ್ದರು, ನಿಜ. ಆದರೆ ಯಮಾಟೊ ಕಟ್ಟಿದ ನೌಕಾಪಡೆಯೇ ಆ ಹೊತ್ತಿಗೆ ಜಗತ್ತಿನ ಅತ್ಯುತ್ತಮ ವಿಮಾನವಾಹಕ ದಂಡನ್ನೂ ಕಟ್ಟುತ್ತಿತ್ತು. ಮೂಢರ ಪಡೆ ಎರಡನ್ನೂ ಒಟ್ಟಿಗೆ ಮಾಡುವುದಿಲ್ಲ.

ನನ್ನ ತಕರಾರು ಬೇರೆ. ಈ ತೋಪನ್ನು ಪಡೆಯಲಿಕ್ಕೆ ಏನೆಲ್ಲ ಬೇಕಾಯಿತು ನೋಡಿ. ನಳಿಗೆಯ ಉದ್ದ 21 ಮೀಟರ್, ಒಂದೊಂದರ ತೂಕ ಸುಮಾರು 165 ಟನ್. ಮೂರು ತೋಪು ಹೊತ್ತ ಟರೆಟ್ಟಿನ ತೂಕ 2,500 ಟನ್, ಆಗಿನ ಒಂದು ಇಡೀ ಡಿಸ್ಟ್ರಾಯರ್ ಹಡಗಿಗಿಂತ ಹೆಚ್ಚು. ಕುರೆಯಲ್ಲಿ ತಯಾರಾದ ತೋಪುಗಳನ್ನು ನಾಗಾಸಾಕಿಯಲ್ಲಿ ಕಟ್ಟುತ್ತಿದ್ದ ಜೋಡಿ ಹಡಗು 'ಮುಸಾಶಿ'ಗೆ ಸಾಗಿಸಲು ಇದ್ದ ಹಡಗುಗಳು ಸಾಲದೆ 'ಕಾಶಿನೊ' ಎಂಬ ಹೊಸ ಹಡಗನ್ನೇ ಕಟ್ಟಿದರು. ಗುಟ್ಟು ಕಾಯುವ ಕಷ್ಟ ಇನ್ನೊಂದು. ನಾಗಾಸಾಕಿ ಗುಡ್ಡಗಳಿಂದ ಸುತ್ತುವರಿದ ಊರು, ಎಲ್ಲಿ ನಿಂತರೂ ಬಂದರು ಕಾಣುತ್ತದೆ. ಹಡಗನ್ನು ಮರೆಮಾಡಲು ನಾರಿನ ಹಗ್ಗದ ಪರದೆಗಳನ್ನು ಎಷ್ಟು ನೇಯ್ದರೆಂದರೆ ಸುತ್ತಮುತ್ತಲ ಬೆಸ್ತರಿಗೆ ಬಲೆ ಮಾಡಲು ನಾರು ಸಿಗದಾಯಿತು. ಕಡತಗಳಲ್ಲಿ ತೋಪಿನ ಹೆಸರನ್ನು '40 ಸೆಂಟಿಮೀಟರ್' ಎಂದೇ ಬರೆದರು. ಅಮೆರಿಕದ ಗುಪ್ತಚರರು ಬಹುಕಾಲ 16 ಇಂಚು ಎಂದೇ ನಂಬಿದ್ದರು. ಸರಿಯಾದ ಅಳತೆ ಖಚಿತವಾದದ್ದು ಯುದ್ಧ ಮುಗಿದ ಮೇಲೆ. ಗುಟ್ಟೇನೋ ಉಳಿಯಿತು. ಆದರೆ ಎದುರಾಳಿಗೆ ಗೊತ್ತೇ ಇಲ್ಲದ ತೋಪು ಅವನನ್ನು ಹೆದರಿಸುವುದು ಹೇಗೆ? ಹೆದರಿಸುವ ಕೆಲಸವನ್ನು ಹೀಗೆ ತಾನಾಗಿ ಬಿಟ್ಟುಕೊಟ್ಟ ಮೇಲೆ ಅದಕ್ಕೆ ಉಳಿದದ್ದು ಹೊಡೆಯುವ ಕೆಲಸ ಒಂದೇ.

ಹೊಡೆಯುವುದೂ ಸುಲಭವಲ್ಲ. ಗುಂಡಿನ ಹಿಂದೆ ಆರು ಚೀಲ ಮದ್ದು, ಒಟ್ಟು ಮುನ್ನೂರು ಕಿಲೋಗೂ ಹೆಚ್ಚು. ಮತ್ತೆ ತುಂಬಬೇಕಾದರೆ ಪ್ರತಿ ಸಲವೂ ನಳಿಗೆಯನ್ನು ಮೂರು ಡಿಗ್ರಿಗೆ ಇಳಿಸಬೇಕು. ಹಾರಿದಾಗಿನ ಗಾಳಿಯ ಹೊಡೆತಕ್ಕೆ ಡೆಕ್ಕಿನ ಮೇಲೆ ಮನುಷ್ಯರು ಬಯಲಲ್ಲಿ ನಿಲ್ಲುವಂತಿರಲಿಲ್ಲ. ಹತ್ತಿರದ ವಿಮಾನನಿರೋಧಕ ತೋಪುಗಳಿಗೆ ಉಕ್ಕಿನ ಗೂಡು ಹೊದಿಸಿದರು, ದೋಣಿಗಳನ್ನು ಹಡಗಿನ ಹೊಟ್ಟೆಯೊಳಗೆ ಬಚ್ಚಿಟ್ಟರು. ಇಷ್ಟಾಗಿ ಗುಂಡು 42 ಕಿಲೋಮೀಟರ್ ಹೋಗುತ್ತದೆ, ನಿಜ. ಹೋಗಲು ಒಂದೂವರೆ ನಿಮಿಷಕ್ಕೂ ಹೆಚ್ಚು ಬೇಕು. ಅಷ್ಟರಲ್ಲಿ 30 ನಾಟ್ ವೇಗದ ಹಡಗು ಸುಮಾರು ಒಂದೂವರೆ ಕಿಲೋಮೀಟರ್ ಸರಿದಿರುತ್ತದೆ. ಅದು ಯಾವ ಕಡೆ ಸರಿಯುತ್ತದೆಂದು ಗುಂಡು ಹಾರುವ ಮೊದಲೇ ಊಹಿಸಬೇಕು. ಬ್ರಿಟನ್-ಜರ್ಮನಿ ನಡುವಿನ 1916ರ ಜಟ್‌ಲ್ಯಾಂಡ್ ಕದನದಲ್ಲಿ, ಇದರ ಅರ್ಧದಷ್ಟೂ ಇಲ್ಲದ ದೂರದಲ್ಲಿ, ಎರಡೂ ಕಡೆಯ ದೊಡ್ಡ ತೋಪುಗಳ ನೂರು ಗುಂಡುಗಳಲ್ಲಿ ತಾಗಿದ್ದು ಮೂರರ ಆಸುಪಾಸು. ದೂರ ಹೋಗಬಲ್ಲ ಗುಂಡಿಗೆ ಅಷ್ಟೇ ದೂರ ನೋಡಬಲ್ಲ ಕಣ್ಣು ಬೇಕಿತ್ತು. ಜಪಾನ್ ಹಣ ಹಾಕಿದ್ದು ಹೆಚ್ಚಾಗಿ ತೋಪಿಗೆ.

ಈಗ ಅದನ್ನು ಹೇಗೆ ಬಳಸಿದರು ನೋಡಿ. ಯಮಾಟೊ ಸೇವೆಗೆ ಸೇರುವುದಕ್ಕೆ ಆರು ದಿನ ಮೊದಲು ಜಪಾನಿನದೇ ವಿಮಾನಗಳು ಮಲಯಾದ ಕಡಲಲ್ಲಿ ಬ್ರಿಟನ್ನಿನ 'ಪ್ರಿನ್ಸ್ ಆಫ್ ವೇಲ್ಸ್', 'ರಿಪಲ್ಸ್' ಎರಡನ್ನೂ ಮುಳುಗಿಸಿದ್ದವು. 1942ರ ಆಗಸ್ಟಿನಿಂದ ಗ್ವಾಡಲ್‌ಕೆನಾಲ್ ದ್ವೀಪಕ್ಕಾಗಿ ತಿಂಗಳುಗಟ್ಟಲೆ ಹೋರಾಟ ನಡೆಯಿತು. ಅಲ್ಲಿನ ಅಮೆರಿಕನ್ ವಿಮಾನನೆಲೆಯನ್ನು ಕಡಲಿನಿಂದ ಬಡಿಯುವುದು ಜಪಾನಿಗೆ ತುರ್ತಿನ ಕೆಲಸವಾಗಿತ್ತು. ಅಕ್ಟೋಬರ್ 13ರ ರಾತ್ರಿ ಹೋದದ್ದು ಯಾರು? 'ಕೊಂಗೊ', 'ಹರುನಾ' ಎಂಬ ಹಳೆಯ ಹಡಗುಗಳು, 14 ಇಂಚಿನ ತೋಪುಗಳೊಂದಿಗೆ. 900ಕ್ಕೂ ಹೆಚ್ಚು ಗುಂಡು ಸುರಿದು ವಿಮಾನನೆಲೆಯನ್ನು ಉತ್ತುಹಾಕಿ ಹಿಂದೆ ಬಂದವು. ಯಮಾಟೊ ಆಗ ಟ್ರುಕ್ ಲಂಗರುದಾಣದಲ್ಲಿ ನಿಂತಿತ್ತು. ಬೇಕಾದ ಬಗೆಯ ಗುಂಡಿಲ್ಲ, ಎಣ್ಣೆಯ ಅಭಾವ, ಜೊತೆಗೆ ಎಲ್ಲಕ್ಕೂ ಮಿಗಿಲಾಗಿ ಕಳೆದುಕೊಂಡರೆ ಎಂಬ ಅಂಜಿಕೆ. ನೆಂಟರು ಬಂದಾಗ ತೆಗೆಯೋಣವೆಂದು ಬೀರುವಿನಲ್ಲಿ ಎತ್ತಿಟ್ಟ ಬೆಳ್ಳಿತಟ್ಟೆಯ ಹಾಗೆ ಅದನ್ನು ಮಹಾಕದನಕ್ಕೆಂದು ಎತ್ತಿಟ್ಟಿದ್ದರು. ಉಳಿದ ಹಡಗುಗಳ ನಾವಿಕರು ಅದಕ್ಕೆ 'ಹೋಟೆಲ್ ಯಮಾಟೊ' ಎಂದು ಹೆಸರಿಟ್ಟರು.

ಕೊನೆಗೆ 1944ರ ಅಕ್ಟೋಬರಿನಲ್ಲಿ, ಫಿಲಿಪ್ಪೀನ್ಸ್‌ನ ಕಡಲಲ್ಲಿ, ಎರಡು ದಿನಗಳೊಳಗೆ ಎಲ್ಲವೂ ಇತ್ಯರ್ಥವಾಯಿತು. 24ರಂದು ಸಿಬುಯನ್ ಸಮುದ್ರದಲ್ಲಿ ಅಮೆರಿಕದ ವಿಮಾನಗಳು ಅಲೆಯಲೆಯಾಗಿ ಬಂದು ಮುಸಾಶಿಯನ್ನು ಮುಳುಗಿಸಿದವು. ಅದರ 46 ಸೆಂಟಿಮೀಟರ್ ತೋಪುಗಳು ಒಂದು ಶತ್ರು ಹಡಗಿನ ಮೇಲೂ ಗುಂಡು ಹಾರಿಸಲೇ ಇಲ್ಲ. 25ರ ಬೆಳಗಿನ ಜಾವದ ಕತ್ತಲಲ್ಲಿ, ಸುರಿಗಾವ್ ಜಲಸಂಧಿಯಲ್ಲಿ, ಅಮೆರಿಕದ 'ವೆಸ್ಟ್ ವರ್ಜೀನಿಯಾ' ರೇಡಾರ್ ನೋಡಿಕೊಂಡು 20 ಕಿಲೋಮೀಟರಿಗೂ ಹೆಚ್ಚು ದೂರದಿಂದ ತನ್ನ 16 ಇಂಚಿನ ತೋಪುಗಳನ್ನು ಹಾರಿಸಿತು. ಮೊದಲ ಸುತ್ತಿನಲ್ಲೇ ಜಪಾನಿನ 'ಯಮಾಶಿರೊ'ವನ್ನು ತಾಗಿತು. ಪರ್ಲ್ ಹಾರ್ಬರ್‌ನಲ್ಲಿ ಮುಳುಗಿ, ಮೇಲೆತ್ತಿ ದುರಸ್ತಿಮಾಡಿದ ಹಡಗು ಈ ವೆಸ್ಟ್ ವರ್ಜೀನಿಯಾ. ಅದೇ ಬೆಳಗ್ಗೆ ಏಳರ ಹೊತ್ತಿಗೆ ಸಮಾರ್ ದ್ವೀಪದ ಬಳಿ ಯಮಾಟೊ ತನ್ನ ಬದುಕಿನಲ್ಲಿ ಮೊದಲನೆಯ ಮತ್ತು ಕೊನೆಯ ಸಲ ಶತ್ರು ಹಡಗುಗಳ ಮೇಲೆ ಮುಖ್ಯ ತೋಪುಗಳನ್ನು ಹಾರಿಸಿತು. ಎದುರಿಗಿದ್ದದ್ದು ಅಮೆರಿಕದ ಮಹಾನೌಕೆಗಳಲ್ಲ. ವ್ಯಾಪಾರಿ ಹಡಗಿನ ಮಾದರಿಯಲ್ಲಿ ಕಟ್ಟಿದ ತೆಳುಮೈಯ ಪುಟ್ಟ ವಿಮಾನವಾಹಕಗಳು, ಅವುಗಳ ಕಾವಲಿಗೆ ಕೆಲವು ಡಿಸ್ಟ್ರಾಯರ್‌ಗಳು. ದಪ್ಪ ಕವಚ ಸೀಳಿ ಒಳಹೊಕ್ಕ ಮೇಲೆ ಸಿಡಿಯಲೆಂದು ತಡವಾದ ಫ್ಯೂಸ್ ಕೊಟ್ಟ ಜಪಾನೀ ಗುಂಡುಗಳು ಈ ತೆಳು ತಗಡಿನ ಒಂದು ಬದಿಯಲ್ಲಿ ಹೊಕ್ಕು ಇನ್ನೊಂದು ಬದಿಯಲ್ಲಿ ಸಿಡಿಯದೆ ಹೊರಬೀಳುತ್ತಿದ್ದವು. ಡಿಸ್ಟ್ರಾಯರ್‌ಗಳು ಬಿಟ್ಟ ಟಾರ್ಪಿಡೊಗಳಿಂದ ತಪ್ಪಿಸಿಕೊಳ್ಳಲು ಯಮಾಟೊ ತಿರುಗಿ ಕದನದಿಂದಲೇ ದೂರ ಓಡಬೇಕಾಯಿತು. ಜಪಾನಿನ ದಂಡು ಒಂದು ವಿಮಾನವಾಹಕವನ್ನೂ ಮೂರು ಚಿಕ್ಕ ಹಡಗುಗಳನ್ನೂ ಮುಳುಗಿಸಿ, ಗೆಲುವು ಕೈಗೆಟುಕುವಷ್ಟರಲ್ಲಿ ಹಿಂದಿರುಗಿತು. ಮರುವರ್ಷ ಏಪ್ರಿಲ್ 7ರಂದು ಓಕಿನಾವಾದ ದಾರಿಯಲ್ಲಿ ವಿಮಾನಗಳ ಕೈಗೆ ಸಿಕ್ಕಿ ಯಮಾಟೊ ಮುಳುಗಿತು. ಜೊತೆಗೆ ಸುಮಾರು 3,000 ಜನ. ಮೂರನೆಯ ಸೋದರಿ 'ಶಿನಾನೊ'ವನ್ನು ಮಧ್ಯದಲ್ಲೇ ವಿಮಾನವಾಹಕವಾಗಿ ಮಾರ್ಪಡಿಸಿದ್ದರು. ಅದು ಹೊರಟ ಮೊದಲ ಪ್ರಯಾಣದಲ್ಲೇ ಜಲಾಂತರ್ಗಾಮಿಯ ಟಾರ್ಪಿಡೊಗೆ ಬಲಿಯಾಗಿತ್ತು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದಲ್ಲ. ತೋಪಿಗೆ ತೋಪೇ ಎದುರಾದಾಗ ದೊಡ್ಡದೇ ಗೆಲ್ಲುತ್ತದಲ್ಲವೆ? ಗೆಲ್ಲುತ್ತದೆ. 1914ರ ಸೆಪ್ಟೆಂಬರ್ 22ರ ರಾತ್ರಿ ಮದ್ರಾಸಿನ ಬಂದರಿನ ಮುಂದೆ ಬಂದು ಎಣ್ಣೆ ಟ್ಯಾಂಕುಗಳಿಗೆ ಬೆಂಕಿಯಿಟ್ಟು ಇಡೀ ದಕ್ಷಿಣ ಭಾರತವನ್ನು ನಡುಗಿಸಿದ ಜರ್ಮನ್ ಹಡಗು 'ಎಂಡನ್'ನ ತೋಪುಗಳು ಬರೀ 10.5 ಸೆಂಟಿಮೀಟರಿನವು. ಎದುರಾಳಿಯಿಲ್ಲದ ಕಡಲಲ್ಲಿ ಅಷ್ಟೇ ಸಾಕಾಯಿತು. ಅದೇ ಎಂಡನ್ ನವೆಂಬರ್ 9ರಂದು ಕೊಕೊಸ್ ದ್ವೀಪಗಳ ಬಳಿ ಆಸ್ಟ್ರೇಲಿಯದ 'ಸಿಡ್ನಿ'ಗೆ ಸಿಕ್ಕಿಬಿದ್ದಾಗ, 15 ಸೆಂಟಿಮೀಟರಿನ ತೋಪುಗಳ ಮುಂದೆ ನಿಲ್ಲಲಾರದೆ ಜಜ್ಜಿಹೋಯಿತು. ಆದ್ದರಿಂದ ತೋಪು ದೊಡ್ಡದಾಗಬಾರದು ಎಂಬುದು ನನ್ನ ವಾದವಲ್ಲ. 10ರಿಂದ 15ಕ್ಕೆ ಏರಿದಾಗ ಹೆಚ್ಚುವ ಬಲ ಅಪಾರ, ಖರ್ಚು ಸಹನೀಯ. ಅಂಥ ತೋಪು ಹೊತ್ತ ಹಡಗುಗಳನ್ನು ಹತ್ತಾರು ಕಟ್ಟಬಹುದು, ಎಲ್ಲಿಗೆ ಬೇಕಾದರೂ ಕಳಿಸಬಹುದು. 40ರಿಂದ 46ಕ್ಕೆ ಏರಿದಾಗ ಬಲ ಹೆಚ್ಚಿದರೂ ಹಡಗುಗಳ ಸಂಖ್ಯೆ ಎರಡಕ್ಕಿಳಿಯುತ್ತದೆ. ಎರಡೇ ಇದ್ದಾಗ ಯಾವ ಸೇನಾಪತಿಗೂ ಅದನ್ನು ಗುಂಡಿನ ಮುಂದೆ ನಿಲ್ಲಿಸುವ ಧೈರ್ಯ ಬರುವುದಿಲ್ಲ.

ಇದರ ಎದುರಿಗೆ ಬ್ರಿಟನ್ನಿನ ಆ 15 ಇಂಚಿನ ತೋಪನ್ನಿಡಿ. 1912ರಿಂದ 1918ರವರೆಗೆ ಮಾಡಿದ್ದು 186 ತೋಪು. ನಳಿಗೆ ಮುನ್ನೂರಕ್ಕೂ ಹೆಚ್ಚು ಗುಂಡು ತಾಳುತ್ತಿತ್ತು. ಸವೆದರೆ ಬಿಚ್ಚಿ ಬೇರೊಂದನ್ನು ಹಾಕುತ್ತಿದ್ದರು. ಹಡಗು, ಮಾನಿಟರ್, ಸಿಂಗಪುರದ ಕರಾವಳಿ ಕೋಟೆ, ಎಲ್ಲಿಗೂ ಒಂದೇ ತೋಪು. (ಸಿಂಗಪುರದಲ್ಲಿ ತೋಪುಗಳು ಕಡಲಿಗಷ್ಟೇ ಮುಖಮಾಡಿದ್ದವು ಎಂಬ ಜನಪ್ರಿಯ ಕಥೆ ಪೂರ್ತಿ ನಿಜವಲ್ಲ. ಹಲವು ತೋಪುಗಳು ನೆಲದ ಕಡೆಗೂ ತಿರುಗುತ್ತಿದ್ದವು. ಅವುಗಳ ಹತ್ತಿರ ಇದ್ದ ಗುಂಡು ಬಹುಪಾಲು ಹಡಗಿನ ಕವಚ ಸೀಳುವಂಥದ್ದು, ಕಾಡಿನಲ್ಲಿ ಬರುವ ಸೈನಿಕರ ಮೇಲೆ ಅದು ಹೆಚ್ಚು ಉಪಯೋಗಕ್ಕೆ ಬರಲಿಲ್ಲ.) 'ವಾರ್‌ಸ್ಪೈಟ್' ಒಂದೇ ಹಡಗು ಈ ತೋಪುಗಳೊಂದಿಗೆ 1916ರಲ್ಲಿ ಜಟ್‌ಲ್ಯಾಂಡ್‌ನಲ್ಲಿ, 1940ರಲ್ಲಿ ನಾರ್ವಿಕ್‌ನಲ್ಲಿ, 1941ರಲ್ಲಿ ಮಟಪನ್‌ನಲ್ಲಿ, 1944ರಲ್ಲಿ ನಾರ್ಮಂಡಿಯ ತೀರದಲ್ಲಿ ಹೊಡೆದಾಡಿತು. 1940ರ ಜುಲೈನಲ್ಲಿ ಕಲಾಬ್ರಿಯಾದ ಬಳಿ ಇಟಲಿಯ 'ಜೂಲಿಯೊ ಚೆಸಾರೆ'ಯನ್ನು ಸುಮಾರು 24 ಕಿಲೋಮೀಟರ್ ದೂರದಿಂದ ತಾಗಿತು. ಚಲಿಸುವ ಹಡಗಿನಿಂದ ಚಲಿಸುವ ಹಡಗಿಗೆ ತಾಗಿದ ಅತಿ ದೂರದ ಪೆಟ್ಟುಗಳಲ್ಲಿ ಅದೊಂದು. ಫಿಶರನ ಇನ್ನೆರಡು ವಿಚಿತ್ರ ಹಡಗುಗಳನ್ನು ವಿಮಾನವಾಹಕಗಳಾಗಿ ಬದಲಿಸಿದಾಗ ಕಿತ್ತಿಟ್ಟಿದ್ದ 15 ಇಂಚಿನ ಟರೆಟ್ಟುಗಳನ್ನೇ ಬ್ರಿಟನ್ನಿನ ಕೊನೆಯ ಬ್ಯಾಟಲ್‌ಶಿಪ್ 'ವ್ಯಾನ್‌ಗಾರ್ಡ್'ಗೆ ಕೂರಿಸಿದರು, ಅದು 1946ರಲ್ಲಿ ಸೇವೆಗೆ ಬಂತು. ಅಳತೆಯಲ್ಲಿ ಯಾವ ದಾಖಲೆಯನ್ನೂ ಹೊಂದಿರದ ಈ ತೋಪು ಎರಡು ಮಹಾಯುದ್ಧಗಳಲ್ಲಿ ಕೂಲಿ ಮಾಡಿತು.

ಅಮೆರಿಕದ 'ಅಯೋವಾ' ವರ್ಗದ 16 ಇಂಚಿನ ತೋಪಿನ ಕಥೆಯೂ ಇಂಥದೇ. ಪನಾಮಾ ಕಾಲುವೆಯ ಇಕ್ಕಟ್ಟಿಗೆ ಸರಿಯಾಗಿ ಹೊಲಿಸಿಕೊಂಡ ಆ ಹಡಗುಗಳು ಕೊರಿಯಾ, ವಿಯೆಟ್ನಾಂ, ಲೆಬನಾನ್‌ವರೆಗೂ ತೋಪು ಹಾರಿಸುತ್ತಲೇ ಇದ್ದವು. ಬೆಲೆಯನ್ನೂ ತೆತ್ತವು: 1989ರ ಏಪ್ರಿಲ್ 19ರಂದು ಅಯೋವಾದ ಎರಡನೆಯ ಟರೆಟ್ಟಿನಲ್ಲಿ ಮದ್ದಿನ ಚೀಲಗಳು ಸ್ಫೋಟಿಸಿ 47 ನಾವಿಕರು ಸತ್ತರು. 1991ರ ಕೊಲ್ಲಿ ಯುದ್ಧದಲ್ಲಿ 'ಮಿಸ್ಸೂರಿ', 'ವಿಸ್ಕಾನ್ಸಿನ್' ಎರಡೂ ಕುವೈತಿನ ಕರಾವಳಿಗೆ ಬಂದವು. ಗುರಿ ತೋರಿಸಲು ಅವುಗಳ ಡೆಕ್ಕಿನಿಂದ 'ಪಯೊನೀರ್' ಎಂಬ ಚಿಕ್ಕ ಡ್ರೋನ್ ಹಾರುತ್ತಿತ್ತು. ಅದು ತಲೆಯ ಮೇಲೆ ಗುಂಯ್‌ಗುಟ್ಟಿತೆಂದರೆ ಸ್ವಲ್ಪ ಹೊತ್ತಿಗೆ 16 ಇಂಚಿನ ಗುಂಡು ಬೀಳುತ್ತದೆಂದು ಇರಾಕಿ ಸೈನಿಕರು ಕಲಿತುಕೊಂಡರು. ಫೈಲಕಾ ದ್ವೀಪದ ಮೇಲೆ ವಿಸ್ಕಾನ್ಸಿನ್‌ನ ಡ್ರೋನ್ ಹಾರಿದಾಗ ಅಲ್ಲಿನವರು ಬಿಳಿ ಬಟ್ಟೆ ಬೀಸುತ್ತ ಹೊರಬಂದು ಡ್ರೋನಿಗೇ ಶರಣಾದರು. ಯಮಾಟೊಗೆ ಇಲ್ಲದಿದ್ದ ಕಣ್ಣು ಕೊನೆಗೂ ತೋಪಿಗೆ ಬಂತು. ಬಂದ ಮೇಲೆ ತೋಪು ಹಾರಿಸುವ ಅಗತ್ಯವೇ ಆ ಹೊತ್ತು ಬೀಳಲಿಲ್ಲ.

ಈ ಬಡತನ ತೋಪಿನ ಬಾಯಿಗಷ್ಟೇ ಅಂಟಿದ್ದಲ್ಲ ಎಂದು ಆಮೇಲೆ ಕಂಡಿತು. ಅಮೆರಿಕದ 'ಜುಮ್‌ವಾಲ್ಟ್' ಹಡಗಿಗೆ ಕೂರಿಸಿದ ತೋಪು 15.5 ಸೆಂಟಿಮೀಟರಿನದು, ಸಾಧಾರಣ ಅಳತೆ. ಆದರೆ ಅದಕ್ಕೆಂದೇ ರೂಪಿಸಿದ, ದಾರಿ ಹುಡುಕಿಕೊಂಡು ಹೋಗುವ ಗುಂಡು ಒಂದಕ್ಕೆ ಸುಮಾರು ಎಂಟು ಲಕ್ಷ ಡಾಲರ್ ಬೀಳುತ್ತದೆಂದು ಗೊತ್ತಾಯಿತು. ಮೂವತ್ತೆರಡು ಹಡಗು ಕಟ್ಟುವ ಯೋಜನೆ ಮೂರಕ್ಕಿಳಿದಿತ್ತು; ಮೂರೇ ಹಡಗಿಗೆ ಗುಂಡು ಮಾಡಿದರೆ ಬೆಲೆ ಏರದೆ ಇನ್ನೇನು. 2016ರಲ್ಲಿ ಗುಂಡಿನ ಖರೀದಿ ಕೈಬಿಟ್ಟರು. ಗುಂಡೇ ಇಲ್ಲದ ತೋಪುಗಳನ್ನು ಹೊತ್ತು ತಿರುಗಿದ ಆ ಹಡಗುಗಳಿಂದ ಆಮೇಲೆ ಅವುಗಳನ್ನು ಕಿತ್ತು ಕ್ಷಿಪಣಿ ಕೂರಿಸತೊಡಗಿದರು. ಕ್ಷಿಪಣಿಗಳ ಖರ್ಚಿನ ಲೆಕ್ಕವೂ 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಶುರುವಾಯಿತು. ಯೆಮೆನ್ನಿನ ಹೂತಿ ಬಂಡುಕೋರರ ಅಗ್ಗದ ಡ್ರೋನುಗಳು, ಕ್ಷಿಪಣಿಗಳ ಎದುರು ಅಮೆರಿಕದ ಯುದ್ಧನೌಕೆಗಳು ಹತ್ತಾರು ಲಕ್ಷ ಡಾಲರಿನ ಕ್ಷಿಪಣಿಗಳನ್ನು ಇನ್ನೂರಕ್ಕೂ ಮೀರಿ ಉಡಾಯಿಸಿದವು. 2025ರ ಜನವರಿಯಲ್ಲಿ ಅಮೆರಿಕದ ನೌಕಾಪಡೆ ಹೊರಗಿಟ್ಟ ಈ ಲೆಕ್ಕದ ಪಟ್ಟಿಯಲ್ಲಿ ಇನ್ನೊಂದು ಸಾಲಿತ್ತು: 5 ಇಂಚಿನ ಸಾಮಾನ್ಯ ತೋಪುಗಳಿಂದ ಹಾರಿಸಿದ ಗುಂಡು 160.